ಶೀಟಿನ ಮೇಲೆ ಮಳೆ, ನೆಲದಡಿಯಲ್ಲಿ ಕಿವಿ

ಜುಲೈನಲ್ಲಿ ಮೂಡಿಗೆರೆ ಕಡೆಯ ತೋಟದ ಮನೆಯಿಂದ ಫೋನಿನಲ್ಲಿ ಮಾತಾಡಿ ನೋಡಿ. ಜಗಲಿಯ ಜಿಂಕ್ ಶೀಟಿನ ಮೇಲೆ ಮಳೆ ಹೊಡೆಯುತ್ತಿದ್ದರೆ ಪಕ್ಕದಲ್ಲಿ ಕೂತವರ ಮಾತೇ ಕೇಳಿಸುವುದಿಲ್ಲ, ಇನ್ನು ಫೋನು! ನಾವಂತೂ ಅಟ್ಟದ ಕೆಳಗಿನ ಒಳಕೋಣೆಗೆ ಓಡುತ್ತೇವೆ. ಕಪ್ಪುದ್ರವ್ಯ ಹುಡುಕುವ ವಿಜ್ಞಾನಿಗಳೂ ಮಾಡುವುದು ಇಷ್ಟೇ. ಅವರ ಒಳಕೋಣೆ ಒಂದೂವರೆ ಕಿಲೋಮೀಟರ್ ಆಳದಲ್ಲಿದೆ, ಅಷ್ಟೇ ವ್ಯತ್ಯಾಸ.

ಕಾಣದ್ದನ್ನು ಇದೆ ಅಂತ ಯಾಕೆ ನಂಬಬೇಕು? ಸೂರ್ಯನ ಹತ್ತಿರವಿರುವ ಬುಧ ಸೆಕೆಂಡಿಗೆ 47 ಕಿ.ಮೀ. ಓಡುತ್ತದೆ. ದೂರದ ನೆಪ್ಚೂನ್‌ದು ಬರೀ ಐದೂವರೆ ಕಿ.ಮೀ. ದೂರ ಹೋದಷ್ಟೂ ಸೆಳೆತ ಕಡಿಮೆ, ಅಲ್ವಾ? ಆದರೆ 1970ರಲ್ಲಿ ಖಗೋಳ ವಿಜ್ಞಾನಿಗಳಾದ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗೆಲಾಕ್ಸಿಯನ್ನು ಅಳೆದು ನೋಡಿದರೆ, ಅಂಚಿನಲ್ಲಿ ಸುತ್ತುವ ನಕ್ಷತ್ರ, ಅನಿಲಗಳ ವೇಗವೂ ಹಾಗೆ ಇಳಿದಿರಲಿಲ್ಲ. ಕಣ್ಣಿಗೆ ಕಾಣದ ಯಾವುದೋ ತೂಕ ಅವನ್ನೆಲ್ಲ ಹಿಡಿದಿಟ್ಟಿದೆ. ಅದಕ್ಕೇ ಕಪ್ಪುದ್ರವ್ಯ ಅನ್ನುವುದು. ಈಗಿನ ಲೆಕ್ಕದಲ್ಲಿ ವಿಶ್ವದ ಒಟ್ಟು ದ್ರವ್ಯದಲ್ಲಿ ನೂರಕ್ಕೆ ಸುಮಾರು 85 ಪಾಲು ಅದೇ.

ಹುಡುಕಲು ತೊಂದರೆ ಕೊಡುವುದು ಗದ್ದಲ. ಅಂಗೈ ಚಾಚಿ ಹಿಡಿಯಿರಿ: ಹೆಚ್ಚುಕಮ್ಮಿ ಸೆಕೆಂಡಿಗೊಂದು ಮ್ಯೂವಾನ್ ಕಣ ಅದನ್ನು ತೂರಿಕೊಂಡು ಹೋಗುತ್ತದೆ. ಬಾಹ್ಯಾಕಾಶದ ಕಣಗಳು ನಮ್ಮ ಗಾಳಿಗೆ ಬಡಿದಾಗ ಸುರಿಯುವ ಮಳೆ ಇದು. ಮುಳ್ಳಯ್ಯನಗಿರಿ ತುದಿಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಇದನ್ನು ತಡೆಯಲು ದಪ್ಪ ಬಂಡೆಯೇ ಬೇಕು. ಅದಕ್ಕೇ ವಿಜ್ಞಾನಿಗಳಿಗೆ ಗಣಿ ಅಂದರೆ ಪ್ರೀತಿ. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲೇ ನ್ಯೂಟ್ರಿನೋ ಎಂಬ, ಯಾವುದಕ್ಕೂ ಸುಲಭವಾಗಿ ತಾಗದ ಕಣಗಳ ಸುಳಿವು ಹಿಡಿದಿದ್ದರು.

ಅಮೆರಿಕದ ಸೌತ್ ಡಕೋಟದಲ್ಲೂ ಒಂದು ಹಳೇ ಚಿನ್ನದ ಗಣಿಯಿದೆ. ಅಲ್ಲಿನ ಲಕ್ಸ್-ಝೆಪ್ಲಿನ್ ಉಪಕರಣದ ನಡುವೆ 7 ಟನ್ ಕ್ಸೆನಾನ್, ಅಂದರೆ ತಂಪು ಮಾಡಿ ದ್ರವವಾಗಿಸಿದ ಒಂದು ಅನಿಲ. ಸೊನ್ನೆಗಿಂತ ಸುಮಾರು 100 ಡಿಗ್ರಿ ಕೆಳಗಿನ ಚಳಿ. ಕಪ್ಪುದ್ರವ್ಯದ ಕಣವೊಂದು ಕ್ಸೆನಾನ್ ಪರಮಾಣುವಿನ ನಡುವಿಗೆ ತಾಗಿದರೆ ಪುಟ್ಟ ಮಿಂಚು. ಆ ಹೊಡೆತಕ್ಕೆ ಕಳಚಿದ ಎಲೆಕ್ಟ್ರಾನುಗಳನ್ನು ಮೇಲಕ್ಕೆ ಎಳೆದಾಗ ಇನ್ನೊಂದು ಮಿಂಚು. ನೋಡಲು 494 ಕಣ್ಣುಗಳು. ಎರಡು ಮಿಂಚಿನ ನಡುವಿನ ಸಮಯದಿಂದ ಎಷ್ಟು ಆಳದಲ್ಲಿ ತಾಗಿತು ಅಂತ ಗೊತ್ತಾಗುತ್ತದೆ. ಪಾತ್ರೆಯ ಗೋಡೆ ಹತ್ತಿರದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪಾತ್ರೆಗೇ ಒಂಚೂರು ವಿಕಿರಣ ಇರುತ್ತದಲ್ಲ! ಈ ಜಾಣತನ ನನಗೆ ತುಂಬ ಹಿಡಿಸಿತು.

2024ರಲ್ಲಿ 280 ದಿನಗಳ ಲೆಕ್ಕ ಹೊರಬಿತ್ತು. ಕಪ್ಪುದ್ರವ್ಯ ಸಿಕ್ಕಿರಲಿಲ್ಲ.

ಇನ್ನೂ ದೊಡ್ಡ ಉಪಕರಣ ಕಟ್ಟಬಹುದು. ಆದರೆ ಸೂರ್ಯನಿಂದ ಬರುವ ನ್ಯೂಟ್ರಿನೋಗಳಿಗೆ ಬಂಡೆ ಒಂದು ಅಡ್ಡವೇ ಅಲ್ಲ. ಅವೂ ಕ್ಸೆನಾನ್‌ಗೆ ತಾಗಿ ಥೇಟ್ ಅಂಥದೇ ಮಿಂಚು ಹೊಡೆಸುತ್ತವೆ. ವಿಜ್ಞಾನಿಗಳು ಇದನ್ನು ಕರೆಯುವುದು ನ್ಯೂಟ್ರಿನೋ ಮಂಜು ಅಂತ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಇಳಿದವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ.