ಭೂಫಲಕ ದಿನವೂ ಸರಿಯುತ್ತದೆ, ದೊಡ್ಡ ಭೂಕಂಪ ಮಾತ್ರ ಯಾಕೆ ಅಪರೂಪ?

ಪ್ರಶ್ನೆ: ಭಾರತವನ್ನು ಹೊತ್ತ ಭೂಫಲಕ ಸದಾ ಉತ್ತರಕ್ಕೆ ಸರಿಯುತ್ತಿದೆ ಎಂದು ಓದಿದ್ದೇನೆ. ಹಾಗಿದ್ದರೆ ಹಿಮಾಲಯದಲ್ಲಿ ದೊಡ್ಡ ಭೂಕಂಪ ಯಾವಾಗಲೋ ಒಮ್ಮೆ ಮಾತ್ರ ಆಗುವುದೇಕೆ?

ಉತ್ತರ: ಭೂಫಲಕ ಅಂದರೆ ಭೂಮಿಯ ಗಟ್ಟಿ ಹೊರಪದರದ ಒಂದು ದೊಡ್ಡ ತುಂಡು. ಅದು ಸರಿಯುತ್ತದೆ, ನಿಜ. ಆದರೆ ಅದರ ಅಂಚು ಸಿಕ್ಕಿಹಾಕಿಕೊಂಡಿದೆ.

ನಮ್ಮ ಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಸಾಗುತ್ತದೆ. ಅದರಲ್ಲಿ ಹತ್ತಿರಹತ್ತಿರ 2 ಸೆಂಟಿಮೀಟರಿನಷ್ಟು ತಳ್ಳಾಟವನ್ನು ಹಿಮಾಲಯವೇ ತಡೆದುಕೊಳ್ಳಬೇಕು. ಅಲ್ಲಿ ಭಾರತದ ಫಲಕ ಯುರೇಷ್ಯಾ ಫಲಕದ ಅಡಿಗೆ ಓರೆಯಾಗಿ ನುಗ್ಗುತ್ತಿದೆ. ತುಂಬಾ ಆಳದಲ್ಲಿ ಬಂಡೆ ಕಾದು ಮೆತ್ತಗಿರುವುದರಿಂದ ಸದ್ದಿಲ್ಲದೆ ಜಾರುತ್ತದೆ. ಮೇಲಿನ ತಣ್ಣನೆಯ ಬಂಡೆಗಳು ಹಾಗಲ್ಲ, ಒಂದನ್ನೊಂದು ಕಚ್ಚಿಕೊಂಡು ನಿಂತಿವೆ. ಹಿಂದಿನಿಂದ ತಳ್ಳುವುದು ನಿಲ್ಲುವುದಿಲ್ಲ, ಮುಂದೆ ದಾರಿ ಇಲ್ಲ. ಆಗ ಬಂಡೆ ಬಾಗುತ್ತದೆ, ಬಿದಿರಿನ ಸೀಳನ್ನು ಬಗ್ಗಿಸಿ ಹಿಡಿದ ಹಾಗೆ. ನೂರು ವರ್ಷ ಹೀಗೇ ಕಳೆದರೆ 2 ಮೀಟರ್ ಬಾಕಿ ಉಳಿಯುತ್ತದೆ. ಒಂದು ದಿನ ಹಿಡಿತ ತಪ್ಪಿ ಅಷ್ಟೂ ಒಟ್ಟಿಗೆ ಜಾರುತ್ತದೆ. ಆ ಜಾರಿಕೆಯಿಂದ ಹೊರಡುವ ಅಲೆಗಳೇ ನೆಲವನ್ನು ನಡುಗಿಸುತ್ತವೆ.

2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಆದದ್ದು ಇದೇ. ಗೋರ್ಖಾ ಜಿಲ್ಲೆಯಲ್ಲಿ ಶುರುವಾದ ಜಾರಿಕೆ ಪೂರ್ವಕ್ಕೆ ನೂರು ಕಿಲೋಮೀಟರಿಗೂ ಜಾಸ್ತಿ ಓಡಿತು. ಪ್ರಮಾಣ 7.8. ಕಠ್ಮಂಡು ಕಣಿವೆಯ ನೆಲ ಕೆಲವೇ ಸೆಕೆಂಡುಗಳಲ್ಲಿ ಸುಮಾರು ಒಂದು ಮೀಟರ್ ಮೇಲೆದ್ದು ದಕ್ಷಿಣಕ್ಕೆ ಜರುಗಿತು. ಸುಮಾರು 9,000 ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಕುಸಿದ ಕಲ್ಲುಮಣ್ಣಿನ, ಇಟ್ಟಿಗೆಯ ಮನೆಗಳು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಎಲ್ಲ ಅಂಚುಗಳೂ ಹೀಗೆ ಕಚ್ಚಿಕೊಂಡಿರುವುದಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಬಿರುಕಿನ ನಡುಭಾಗ ಸುಮ್ನೆ, ನಿಧಾನವಾಗಿ ಜಾರುತ್ತಲೇ ಇರುತ್ತದೆ. ಅಲ್ಲಿ ಒತ್ತಡ ಅಷ್ಟಾಗಿ ಕೂಡುವುದಿಲ್ಲ.

ನನಗೆ ಜಾಸ್ತಿ ಚಿಂತೆ ಇರುವುದು ಗೋರ್ಖಾದ ಪಶ್ಚಿಮದ ಬಗ್ಗೆ. ಪಶ್ಚಿಮ ನೇಪಾಳದ ಕೊನೆಯ ಮಹಾ ಭೂಕಂಪ 1505ರದ್ದು. ಐನೂರು ವರ್ಷದ ತಳ್ಳಾಟ ಅಂದರೆ 10 ಮೀಟರ್, ಅಲ್ವಾ? ಅದು ಬಿಡುಗಡೆಯಾಗುವ ದಿನವನ್ನು ಮೊದಲೇ ಹೇಳುವ ವಿಧಾನ ಯಾರ ಬಳಿಯೂ ಇಲ್ಲ. ದಿನಾಂಕ ಹಾಕಿ ಬರುವ ವಾಟ್ಸ್‌ಆ್ಯಪ್ ಸಂದೇಶಗಳನ್ನು ದಯವಿಟ್ಟು ಹಂಚಬೇಡಿ.

ಕಲಬುರಗಿ, ಬೀದರ್ ಕಡೆಯವರು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1993ರಲ್ಲಿ ಆದ ಭೂಕಂಪದ ಬಗ್ಗೆ ಕೇಳಬಹುದು. ಅದು ಅಂಚಿನಲ್ಲಿ ಆದದ್ದಲ್ಲ, ಫಲಕದ ಒಳಗೇ ಆದದ್ದು. ಅಂಚಿನ ಒತ್ತಡ ಒಳನಾಡಿಗೂ ತಲುಪುತ್ತದೆ. ಆದರೆ ಇಲ್ಲಿ ಅದು ಬಹಳ ನಿಧಾನವಾಗಿ ಕೂಡುವುದರಿಂದ ಅಂಥ ಭೂಕಂಪಗಳು ಇನ್ನೂ ಅಪರೂಪ.