ಅಕ್ಕ-ತಂಗಿಯನ್ನು ಶಿಬಿರದಲ್ಲಿ ಒಂದೇ ಕೋಣೆಗೆ ಯಾಕೆ ಹಾಕುವುದಿಲ್ಲ?

ಪ್ರಶ್ನೆ: ನನ್ನ ದೊಡ್ಡ ಮಗಳಿಗೆ 13, ಚಿಕ್ಕವಳಿಗೆ 8. ಇಬ್ಬರನ್ನೂ ಒಂದು ವಾರದ ಬೇಸಿಗೆ ಶಿಬಿರಕ್ಕೆ ಕಳಿಸುತ್ತಿದ್ದೇನೆ. ಚಿಕ್ಕವಳು ಮನೆ ಬಿಟ್ಟು ಮಲಗುವುದು ಇದೇ ಮೊದಲು. ಇಬ್ಬರಿಗೂ ಒಂದೇ ಕೋಣೆ ಕೊಡಿ ಎಂದರೆ ಆಗುವುದಿಲ್ಲ ಎನ್ನುತ್ತಾರೆ. ಯಾಕೆ? (ಸುರತ್ಕಲ್‌ನ ಒಬ್ಬ ತಾಯಿ)

ಮಾರ್ಚ್ ಕೊನೆಗೆ ಗೇರುಹಣ್ಣು ಉದುರಲು ಶುರುವಾದಂತೆ ಈ ಪ್ರಶ್ನೆಯೂ ಉದುರಲು ಶುರುವಾಗುತ್ತದೆ. ಒಮ್ಮೆ ಅಕ್ಕ-ತಂಗಿ, ಒಮ್ಮೆ ಅಣ್ಣ-ತಮ್ಮ, ಒಮ್ಮೆ ಚಿಕ್ಕಮ್ಮನ ಮಕ್ಕಳು. ಉಡುಪಿ ಹತ್ತಿರ ವಸತಿ ಶಿಬಿರ ನಡೆಸುವವರಲ್ಲಿ ನಾನೂ ಒಬ್ಬಳು. ಫೋನಿನಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಈ ಸಲ ಬರೆದೇ ಬಿಡುತ್ತೇನೆ, ಮುಂದಿನ ವರ್ಷ ಇದನ್ನೇ ಕಳಿಸಿದರಾಯ್ತು.

ಹಗಲು ಒಟ್ಟಿಗೆ, ರಾತ್ರಿ ಬೇರೆ. ಇಷ್ಟೇ ಉತ್ತರ. ಊಟ, ಆಟ, ನಾಟಕ, ಮಲ್ಪೆ ಕಡಲಿಗೆ ಹೋಗುವುದು, ಎಲ್ಲದರಲ್ಲೂ ಅಕ್ಕ-ತಂಗಿ ಬೇಕಾದಷ್ಟು ಒಟ್ಟಿಗೆ ಇರಲಿ. ಮಲಗುವ ಕೋಣೆ ಮಾತ್ರ ವಯಸ್ಸಿನ ಪ್ರಕಾರ. ಒಂದು ಕೋಣೆಯೊಳಗೆ ಎರಡು ವರ್ಷಕ್ಕಿಂತ ಜಾಸ್ತಿ ಅಂತರ ಬೇಡ ಎಂಬುದು ನಮ್ಮ ಲೆಕ್ಕ. ಅವಳಿಗಳ ವಿಷಯ ಬಿಡಿ, ಅವರು ಹೇಗೂ ಒಂದೇ ಕೋಣೆಗೆ ಬರುತ್ತಾರೆ.

ಮೊದಲ ಕಾರಣ ನಿದ್ದೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, 13ರಿಂದ 18ರವರಿಗೆ 8ರಿಂದ 10 ಗಂಟೆ ಎಂದು ಅಮೆರಿಕದ ನಿದ್ರಾ ತಜ್ಞರ ಸಂಸ್ಥೆ 2016ರಲ್ಲೇ ಹೇಳಿದೆ. ಶಿಬಿರದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಎಂಟರವಳು ಗಂಜಿ ಬಟ್ಟಲಿನ ಮುಂದೆಯೇ ತೂಕಡಿಸುತ್ತಾಳೆ. ಹದಿಮೂರರವಳ ಮಾತು ಹನ್ನೊಂದಾದರೂ ಮುಗಿಯುವುದಿಲ್ಲ. ಅದು ಅವಳ ಹಠವಲ್ಲ, ಪ್ರಾಯಕ್ಕೆ ಬರುವಾಗ ನಿದ್ದೆ ಹತ್ತುವ ಹೊತ್ತೇ ತಡವಾಗುತ್ತದೆ. ಇಬ್ಬರಿಗೂ ಒಂದೇ ಕೋಣೆ ಕೊಟ್ಟರೆ ಲೈಟ್ ಯಾವಾಗ ಆರಿಸುವುದು, ಹೇಳಿ. ಇನ್ನು ಬಟ್ಟೆ ಬದಲಿಸುವುದು, ಮುಟ್ಟಿನ ದಿನಗಳು. ಹದಿಮೂರರ ಹುಡುಗಿಗೆ ಸ್ವಲ್ಪ ಮರೆ ಬೇಕು. ಇದನ್ನು ತಾಯಂದಿರಿಗೆ ವಿವರಿಸಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ಆ ಕಡೆಯಿಂದ ಒಂದು ನಗು ಬರುತ್ತದೆ. "ಅದೆಲ್ಲ ಸರಿ ಟೀಚರ್. ಅಕ್ಕ ಇದ್ದಾಳಲ್ಲ, ನೋಡಿಕೊಳ್ತಾಳೆ, ಮತ್ತೆಂತ? ಅಜ್ಜಿಮನೆ ಚಾವಡಿಯಲ್ಲಿ ನಾವು ಇಪ್ಪತ್ತು ಮಕ್ಕಳು ಸಾಲಾಗಿ ಮಲಗಿರಲಿಲ್ವಾ? ನಮಗೇನಾಯ್ತು?"

ಈ ಚಾವಡಿಯನ್ನು ನನ್ನಿಂದ ಇನ್ನೂ ಗೆಲ್ಲಲಾಗಿಲ್ಲ.

ನಾನೂ ಆ ಸಾಲಿನಲ್ಲಿ ಮಲಗಿದವಳೇ. ಆದರೆ ನೆನಪು ಮಾಡಿಕೊಳ್ಳುವುದಾದರೆ ಪೂರ್ತಿ ಮಾಡಿಕೊಳ್ಳಿ. ಬಾಗಿಲ ಬಳಿಯ ಚಾಪೆ ಯಾರದ್ದು? ಅಜ್ಜಿಯದ್ದು. ಸೊಂಟನೋವಿಗೆ ಅವರಿಗೆ ನಿದ್ದೆಯೇ ಇಲ್ಲ, ಒಂದು ಮಗು ಕೆಮ್ಮಿದರೂ "ಯಾರದು?" ಎನ್ನುತ್ತಿದ್ದರು. ಒಳಗಿನ ಕೋಣೆಯಲ್ಲಿ ಅಮ್ಮ, ದೊಡ್ಡಮ್ಮ. ಆ ಕೋಣೆಗೆ ಚಿಲಕ ಬೀಳುತ್ತಿರಲಿಲ್ಲ. ನಡುರಾತ್ರಿ ಹೆದರಿಕೆಯಾದರೆ ಹತ್ತು ಹೆಜ್ಜೆ ನಡೆದು ಅಮ್ಮನ ಪಕ್ಕ ನುಸುಳಿದರಾಯ್ತು. ಚಾಪೆಯಲ್ಲಿ ಇದ್ದವರೆಲ್ಲ ಹುಟ್ಟಿದಾಗಿನಿಂದ ಗೊತ್ತಿದ್ದವರು. ಶಿಬಿರದಲ್ಲಿ ಕುಂದಾಪುರದ ಒಂದು ಮಗು, ಪುತ್ತೂರಿನ ಒಂದು, ರಜೆಗೆ ಮುಂಬಯಿಯಿಂದ ಬಂದ ಒಂದು. ಬೆಳಿಗ್ಗೆ ಮೊದಲ ಸಲ ಮುಖ ನೋಡಿಕೊಂಡವರು ರಾತ್ರಿ ಪಕ್ಕಪಕ್ಕ ಮಲಗಬೇಕು. ಅಜ್ಜಿಯನ್ನು ತೆಗೆದುಹಾಕಿ ಬರೀ ಚಾಪೆ ಹಾಸಿದರೆ ಅದು ಅಜ್ಜಿಮನೆ ಆಗುತ್ತದಾ?

"ನಮಗೇನಾಯ್ತು" ಎಂಬ ಮಾತಂತೂ ನನಗೆ ಸಿಟ್ಟು ತರಿಸುತ್ತದೆ. ಏನೂ ಆಗದವರು ಅದನ್ನು ಗಟ್ಟಿಯಾಗಿ ಹೇಳುತ್ತಾರೆ. ಆದವರು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯಲು 2012ರಲ್ಲಿ ಪೋಕ್ಸೊ ಕಾಯ್ದೆ ಬಂತು. 18 ತುಂಬದ ಎಲ್ಲರೂ ಅದರ ಪ್ರಕಾರ ಮಕ್ಕಳೇ. ದೌರ್ಜನ್ಯ ಗೊತ್ತಾದ ಮೇಲೆ ತಿಳಿಸದೆ ಸುಮ್ನೆ ಕೂರುವುದೂ ತಪ್ಪು. ಆದದ್ದನ್ನು ಮುಚ್ಚಿಡುತ್ತಿದ್ದ ಚಾವಡಿಗಳು ಇದ್ದವು ಎಂದೇ ಇಂಥ ಕಾಯ್ದೆ ಬೇಕಾಯ್ತು, ಅಲ್ವಾ? ದೊಡ್ಡ ಮಕ್ಕಳೆಲ್ಲ ಕೆಟ್ಟವರು ಎನ್ನುತ್ತಿಲ್ಲ. ಗೇಲಿ ಮಾಡುವುದು, ಭೂತದ ಕತೆ ಹೇಳಿ ಹೆದರಿಸುವುದು, ಬಚ್ಚಲಲ್ಲಿ ತಮ್ಮ ಬಕೆಟ್ಟೇ ಮೊದಲು ತುಂಬಿಸಿಕೊಳ್ಳುವುದು, ಇವು ಒಳ್ಳೆಯ ಮಕ್ಕಳೂ ಮಾಡುವ ಕೆಲಸ. ಎಂಟರ ಮಗುವಿಗೆ ಅಷ್ಟೇ ಸಾಕು ವಾರ ಹಾಳಾಗಲು.

ಇನ್ನು "ಅಕ್ಕ ನೋಡಿಕೊಳ್ತಾಳೆ." ಮೊದಲ ವರ್ಷ ನಾನೂ ಈ ಮಾತಿಗೆ ತಲೆಯಾಡಿಸಿ, ಇಂಥದೇ ಅಕ್ಕ-ತಂಗಿಯನ್ನು ದೊಡ್ಡ ಹುಡುಗಿಯರ ಕೋಣೆಗೆ ಹಾಕಿದ್ದೆ. ತಂಗಿಗೆ ಭಯ, ಅಕ್ಕ ಎರಡು ಸಲ ಎದ್ದು ಟಾರ್ಚ್ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದಳು. ಬೆಳಿಗ್ಗೆ ತಲೆ ಬಾಚಿದಳು, ಬಟ್ಟೆ ಒಗೆದಳು. ಉಳಿದ ಹುಡುಗಿಯರು ಗುಟ್ಟು ಮಾತಾಡುವಾಗ "ನಿನ್ನ ತಂಗಿ ಇದ್ದಾಳೆ, ಬೇಡ" ಎಂದು ಹೊರಗೆ ಕೂತರು. ಮೂರನೇ ದಿನ ಅಳುತ್ತಾ ಬಂದದ್ದು ತಂಗಿಯಲ್ಲ, ಅಕ್ಕ. "ನಾನೂ ಶಿಬಿರಕ್ಕೇ ಬಂದದ್ದಲ್ವಾ ಟೀಚರ್?" ಎಂದು ಕೇಳಿದಳು. ಅವತ್ತೇ ತಂಗಿಯನ್ನು ಚಿಕ್ಕವರ ಕೋಣೆಗೆ ಕಳಿಸಿದೆ. ಒಂದು ರಾತ್ರಿ ಅತ್ತಳು, ಮರುದಿನ ಅವಳಿಗೆ ಇಬ್ಬರು ಗೆಳತಿಯರಾಗಿದ್ದರು. ಆಮೇಲೆ ಆ ಮಗು ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ!

ಇದು ನನ್ನೊಬ್ಬಳ ತಲೆಯ ನಿಯಮವಲ್ಲ. ನಮ್ಮ ಸ್ಕೌಟ್ ಮತ್ತು ಗೈಡ್‌ನಲ್ಲಿ 10 ವರ್ಷದವರೆಗೆ ಕಬ್-ಬುಲ್‌ಬುಲ್, ಆಮೇಲೆ ಸ್ಕೌಟ್-ಗೈಡ್. ಅಮೆರಿಕದ ಶಿಬಿರಗಳ ಸಂಘ ರಾತ್ರಿ ಉಳಿಯುವ ಶಿಬಿರಗಳಲ್ಲಿ 6ರಿಂದ 8 ವರ್ಷದ ಆರು ಮಕ್ಕಳಿಗೆ ಒಬ್ಬರು ದೊಡ್ಡವರಿರಲಿ, 9ರಿಂದ 14ರವರಾದರೆ ಎಂಟು ಮಕ್ಕಳಿಗೆ ಒಬ್ಬರಿರಲಿ ಎನ್ನುತ್ತದೆ. ಎಲ್ಲರನ್ನೂ ಬೆರೆಸಿಬಿಟ್ಟರೆ ಈ ಲೆಕ್ಕ ಇಡುವುದು ಹೇಗೆ? ಅಕ್ಕನ ಮಂಚ ಎಲ್ಲಿ ಎಂದು ಎಲ್ಲರೂ ಕೇಳುತ್ತಾರೆ. ರಾತ್ರಿ ಆ ಕೋಣೆಯ ಹೊಣೆ ಯಾವ ಟೀಚರದ್ದು, ಮಗು ಎದ್ದರೆ ಯಾರನ್ನು ಕರೆಯಬೇಕು ಎಂದು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಅದನ್ನು ಕೇಳಿ, ಮಾರಾಯ್ರೆ. ಮಲಗುವ ಮೊದಲು ಅಕ್ಕ ಬಂದು ಸೊಳ್ಳೆಪರದೆ ಸಿಕ್ಕಿಸಿ ಹೋಗಲಿ, ಅದಕ್ಕೆ ನಮ್ಮ ಅಡ್ಡಿಯಿಲ್ಲ.

ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. "ಅಕ್ಕನ ಜೊತೆಯೇ ಹಾಕಿ" ಎಂದು ತುಂಬ ಒತ್ತಾಯಿಸುವ ಕೆಲವರಿಗೆ ನಿಜವಾದ ಚಿಂತೆ ಬೇರೆ ಇರುತ್ತದೆ. ಮಗು ಹಾಸಿಗೆಯಲ್ಲಿ ಉಚ್ಚೆ ಮಾಡುತ್ತದೆ. ಅಕ್ಕನಿಗೆ ಗೊತ್ತು, ಅವಳು ಬೇಗ ಎದ್ದು ಮರೆಮಾಡುತ್ತಾಳೆ ಎಂಬ ಲೆಕ್ಕ. ಏಳು ವರ್ಷದ ಮಕ್ಕಳಲ್ಲಿ ನೂರಕ್ಕೆ ಐದರಿಂದ ಹತ್ತು ಮಕ್ಕಳಿಗೆ ಇದು ಇರುತ್ತದೆ, ಹುಡುಗರಲ್ಲಿ ಜಾಸ್ತಿ. ಅಪ್ಪನಿಗೋ ಅಮ್ಮನಿಗೋ ಚಿಕ್ಕಂದಿನಲ್ಲಿ ಇದ್ದದ್ದೇ ಮಕ್ಕಳಿಗೂ ಬರುವುದುಂಟು. ಸೋಮಾರಿತನ ಅಲ್ಲ, ಬೈದರೆ ನಿಲ್ಲುವುದೂ ಇಲ್ಲ. ಹೆಚ್ಚಿನವರಿಗೆ ದೊಡ್ಡವರಾಗುತ್ತಾ ತಾನೇ ಹೋಗುತ್ತದೆ. ನಿಂತು ತಿಂಗಳುಗಟ್ಟಲೆ ಆದ ಮೇಲೆ ಮತ್ತೆ ಶುರುವಾದರಂತೂ ಡಾಕ್ಟರಿಗೆ ತೋರಿಸಿ.

ನಮಗೆ ಮೊದಲೇ ಗೊತ್ತಿದ್ದರೆ ಕೆಲಸ ಸುಲಭ. ಏಪ್ರಿಲ್ ಸೆಕೆಗೆ ಮಕ್ಕಳು ಪುನರ್ಪುಳಿ ಶರಬತ್ತು ಲೋಟಗಟ್ಟಲೆ ಕುಡಿಯುತ್ತಾರೆ, ಆ ಮಗುವಿಗೆ ಅದನ್ನು ಸಂಜೆಯ ಮೊದಲೇ ಕೊಡುತ್ತೇವೆ. ಬಾಗಿಲಿಗೆ ಹತ್ತಿರದ ಹಾಸಿಗೆ ಅದಕ್ಕೆ. ಹತ್ತೂವರೆಗೆ ಒಮ್ಮೆ ಎಬ್ಬಿಸಿ ಕರೆದುಕೊಂಡು ಹೋಗುತ್ತೇವೆ. ಒದ್ದೆಯಾದರೆ ಉಳಿದವರು ಏಳುವ ಮೊದಲೇ ಹಾಸಿಗೆ ಬಿಸಿಲಿಗೆ ಹೋಗಿರುತ್ತದೆ. ಅರ್ಜಿಯಲ್ಲಿ "ರಾತ್ರಿಯ ಅಭ್ಯಾಸ" ಎಂಬ ಒಂದು ಸಾಲು ಇಟ್ಟಿರುವುದು ಇದಕ್ಕೇ. ದಯವಿಟ್ಟು ಅಲ್ಲಿ ಗೆರೆ ಎಳೆದು ಕಳಿಸಬೇಡಿ. ಒಂದು ರಬ್ಬರ್ ಶೀಟ್, ಎರಡು ಜೊತೆ ಬಟ್ಟೆ ಜಾಸ್ತಿ ಹಾಕಿ. ಚೀಲದ ಅಡಿಯಲ್ಲಿ ಬೇಡ, ಮೇಲೇ ಇಡಿ. ಕತ್ತಲಲ್ಲಿ ಹುಡುಕುವವರು ನಾವು.