ಕಂತು: ಹಳೆಯ ಕಾರ್ಟೂನುಗಳ ಅಳತೆಗೋಲು

ಕಂತು ಅಂದಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಸಾಲ. ಸೊಸೈಟಿ ಸಾಲದ ಕಂತು, ಗಾಡಿಯ ಕಂತು, ಕಟ್ಟದೇ ಉಳಿದ ಕಂತು. ಕರಾವಳಿಯ ಕಡೆ ಹೊತ್ತು ಕೂಡ ಕಂತುತ್ತದೆ, ಅಂದರೆ ಮುಳುಗುತ್ತದೆ. ಹಳೆಯ ಕಾವ್ಯ ಓದಿದವರಿಗೆ ಕಂತು ಎಂದರೆ ಮನ್ಮಥ, ಕಂತುಪಿತ ಎಂದರೆ ವಿಷ್ಣು. ಇವೆಲ್ಲದರ ನಡುವೆ ವಾರಪತ್ರಿಕೆಯ ಧಾರಾವಾಹಿಗೆ ಬಳಕೆಯಲ್ಲಿದ್ದ ಪದವೇ ಟಿವಿಗೂ ಬಂತು. ಮಾತಾಡುವಾಗ "ನಿನ್ನೆ ಎಪಿಸೋಡು ನೋಡಿದ್ರಾ?" ಅನ್ನುತ್ತೇವೆ, ಬರೆಯಲು ಕೂತರೆ "ಕಂತು" ಅನ್ನುತ್ತೇವೆ.

ಎಪಿಸೋಡು ಎಂಬ ಪದದ ಬೇರು ಗ್ರೀಕ್ ರಂಗಭೂಮಿಯಲ್ಲಿದೆ. ಅಲ್ಲಿನ ದುರಂತ ನಾಟಕಗಳಲ್ಲಿ ಮೇಳದವರ ಒಂದು ಹಾಡಿಗೂ ಇನ್ನೊಂದು ಹಾಡಿಗೂ ನಡುವೆ ನಟರು ಬಂದು ಮಾತಾಡುವ ಭಾಗಕ್ಕೆ ಆ ಹೆಸರು. ನಮ್ಮ ಪದಕ್ಕೆ ಅಂತಹ ಕುಲೀನ ಹಿನ್ನೆಲೆಯೇನೂ ಇಲ್ಲ. ಅದರದು ದುಡ್ಡಿನ ವಾಸನೆ: ಇಷ್ಟು ದಿನಕ್ಕೆ ಇಷ್ಟು ಎಂದು ಒಪ್ಪಿಕೊಂಡು ಕೊಡುವ ಪಾಲು. ಆದರೆ ಮಕ್ಕಳಿಗಾಗಿ ತಯಾರಾದ ಹಳೆಯ ಕಾರ್ಟೂನ್ ಸರಣಿಗಳ ಮಟ್ಟಿಗೆ ಗ್ರೀಕ್ ಪದಕ್ಕಿಂತ ನಮ್ಮ ಈ ಲೇವಾದೇವಿಯ ಪದವೇ ಸರಿಯಾಗಿ ಕೂರುತ್ತದೆ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಕಂತಿನ ಉದ್ದ, ಸಂಖ್ಯೆ, ಕೊನೆಗೆ ಪಾತ್ರಗಳ ಉಡುಪು ಕೂಡ ಕಥೆಯಿಂದ ಹುಟ್ಟಿದ್ದಲ್ಲ, ಗಡಿಯಾರ ಮತ್ತು ಖರ್ಚಿನ ಪುಸ್ತಕದಿಂದ ಹುಟ್ಟಿದ್ದು.

ಉದಾಹರಣೆಗೆ ಅಮೆರಿಕದ ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಜೋಡಿಯನ್ನು ತೆಗೆದುಕೊಳ್ಳಿ. ಎಂಜಿಎಂ ಸ್ಟುಡಿಯೋದಲ್ಲಿ 1940ರಿಂದ ಟಾಮ್ ಅಂಡ್ ಜೆರ್ರಿ ಮಾಡುತ್ತಿದ್ದವರು ಇವರು. ಅವು ಚಿತ್ರಮಂದಿರಕ್ಕಾಗಿ ಮಾಡಿದ ಏಳೆಂಟು ನಿಮಿಷದ ಚಿತ್ರಗಳು. ಕಂತುಗಳಲ್ಲ, ಒಂದೊಂದೂ ಬಿಡಿ ಸಿನಿಮಾ. 1957ರಲ್ಲಿ ಎಂಜಿಎಂ ತನ್ನ ಕಾರ್ಟೂನ್ ವಿಭಾಗವನ್ನೇ ಮುಚ್ಚಿತು. ಕೆಲಸ ಕಳೆದುಕೊಂಡ ಇಬ್ಬರೂ ಟಿವಿಯ ಬಾಗಿಲು ತಟ್ಟಿದರು. ಟಿವಿಯವರ ಕೈಯಲ್ಲಿದ್ದದ್ದು ಸಿನಿಮಾದ ದುಡ್ಡಿನ ಒಂದು ಚೂರು ಮಾತ್ರ. ಒಂದು ಟಾಮ್ ಅಂಡ್ ಜೆರ್ರಿಗೆ ಹತ್ತಾರು ಸಾವಿರ ಡಾಲರ್ ಸುರಿಯುತ್ತಿದ್ದವರಿಗೆ, ಅದೇ ವರ್ಷ ಡಿಸೆಂಬರಿನಲ್ಲಿ ಎನ್‌ಬಿಸಿ ಟಿವಿ ವಾಹಿನಿಯಲ್ಲಿ ಶುರುವಾದ ಇವರ ರಫ್ ಅಂಡ್ ರೆಡ್ಡಿ ಸರಣಿಯ ಒಂದು ತುಂಡಿಗೆ ಸಿಕ್ಕಿದ್ದು ಮೂರು ಸಾವಿರ ಡಾಲರ್ ಆಸುಪಾಸು.

ಇಲ್ಲೊಂದು ಸಣ್ಣ ಲೆಕ್ಕ ಹಾಕೋಣ. ಸೆಕೆಂಡಿಗೆ 24 ಚೌಕಟ್ಟು, ಅಂದರೆ ಫ್ರೇಮು. ಏಳು ನಿಮಿಷಕ್ಕೆ 10,080. ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ಹಿಡಿದರೂ ಒಂದು ಪಾತ್ರಕ್ಕೆ ಐದು ಸಾವಿರ ಚಿತ್ರ ಬೇಕು. ವಾರ ವಾರ ಅಷ್ಟು ಬಿಡಿಸಲು ಸಾಧ್ಯವೇ ಇರಲಿಲ್ಲ. ಹಾಗಾಗಿ ಇವರು ಬಿಡಿಸುವುದನ್ನೇ ಕಡಿಮೆ ಮಾಡಿದರು. ಮಾತಾಡುವಾಗ ಮೈ ಅಲುಗಬಾರದು, ಬಾಯಿ ಮಾತ್ರ ಆಡಲಿ. ನಡೆಯುವಾಗ ಕಾಲು ಮಾತ್ರ ಬೀಸಲಿ. ಇವರದೇ ಯೋಗಿ ಕರಡಿಯ ಚಿತ್ರ ಸಿಕ್ಕರೆ ಒಮ್ಮೆ ಅದರ ಕುತ್ತಿಗೆ ನೋಡಿ. ಕಾಡಿನ ಕರಡಿಗೆ ಬಿಳಿ ಕಾಲರು, ಹಸಿರು ಟೈ ಯಾಕೆ? ಮೈಮೇಲೆ ಅಂಗಿಯಿಲ್ಲ, ಪ್ಯಾಂಟಿಲ್ಲ, ಕಾಲರು ಮಾತ್ರ! ತಲೆಯನ್ನು ಒಂದು ಹಾಳೆಯಲ್ಲಿ, ಮುಂಡವನ್ನು ಇನ್ನೊಂದು ಹಾಳೆಯಲ್ಲಿ ಬರೆದು ಜೋಡಿಸಿದಾಗ ನಡುವಿನ ಕೂಡುಗೆರೆ ಕಾಣದಿರಲಿ ಎಂದು ಅಲ್ಲೊಂದು ಕಾಲರು ತೊಡಿಸಿದ್ದರು. ಹಕಲ್‌ಬೆರಿ ಹೌಂಡ್ ಎಂಬ ನಾಯಿಯ ಕೊರಳಲ್ಲಿ ಬೋ ಟೈ, ಫ್ರೆಡ್ ಫ್ಲಿಂಟ್‌ಸ್ಟೋನನ ಕೊರಳಲ್ಲಿ ನೀಲಿ ಟೈ, ಎಲ್ಲವೂ ಅದೇ ಉಪಾಯ. ಓಡುವ ದೃಶ್ಯದಲ್ಲಿ ಹಿಂದೆ ಅದೇ ಕಿಟಕಿ, ಅದೇ ಮೇಜು, ಅದೇ ದೀಪ ಮತ್ತೆ ಮತ್ತೆ ಹಾದುಹೋಗುವುದೂ ಅಷ್ಟೇ. ಹಿನ್ನೆಲೆಯ ಒಂದೇ ಉದ್ದ ಪಟ್ಟಿಯನ್ನು ತಿರುಗಿಸುತ್ತಾ ಇರುತ್ತಿದ್ದರು. ಚಿಕ್ಕವನಿದ್ದಾಗ ಅದನ್ನು ನೋಡಿ ಫ್ರೆಡ್‌ನ ಮನೆ ಎಷ್ಟು ದೊಡ್ಡದಿರಬಹುದು ಅಂದುಕೊಂಡಿದ್ದೆ.

1958ರಲ್ಲಿ ಬಂದ ಹಕಲ್‌ಬೆರಿ ಹೌಂಡ್ ಶೋದಲ್ಲಿ ಕಂತು ಎಂಬುದರ ಆಕಾರ ಇನ್ನೂ ಸ್ಪಷ್ಟವಾಗುತ್ತದೆ. ಅರ್ಧ ಗಂಟೆಯ ಒಂದು ಕಂತು, ಒಳಗೆ ಏಳೇಳು ನಿಮಿಷದ ಮೂರು ಬೇರೆ ಬೇರೆ ಕಾರ್ಟೂನು. ಒಂದು ಹಕಲ್‌ಬೆರಿಯದು, ಒಂದು ಪಿಕ್ಸಿ ಮತ್ತು ಡಿಕ್ಸಿ ಎಂಬ ಇಲಿಗಳದು, ಒಂದು ಯೋಗಿಯದು. ನಡುನಡುವೆ ಹಕಲ್‌ಬೆರಿ ಬಂದು ನಾಲ್ಕು ಮಾತಾಡಿ ಹೋಗುತ್ತಾನೆ. ಹೊರಗಿನ ಹೊದಿಕೆಗೆ ದುಡ್ಡು ಕೊಟ್ಟವರು ಕೆಲಾಗ್ಸ್ ಕಂಪನಿಯವರು. ಹಾಗಾದರೆ ಇಲ್ಲಿ ಕಂತು ಯಾವುದು? ಅರ್ಧ ಗಂಟೆಯ ಡಬ್ಬಿಯೇ, ಒಳಗಿನ ಏಳು ನಿಮಿಷದ ಉಂಡೆಯೇ? ಪ್ರಸಾರ ಮಾಡುವವರಿಗೆ ಡಬ್ಬಿ, ಬರೆಯುವವರಿಗೆ ಉಂಡೆ. ಮುಂದೆ ಮರುಪ್ರಸಾರದ ಕಾಲದಲ್ಲಿ ಡಬ್ಬಿ ಒಡೆದು ಉಂಡೆಗಳನ್ನು ಬೇಕಾದ ಹಾಗೆ ಹಂಚಿದರು. ಹಳೆಯ ಕಾರ್ಟೂನುಗಳ ಬಗ್ಗೆ ಒಬ್ಬರು ಹೇಳುವ ಕಂತಿನ ಲೆಕ್ಕ ಇನ್ನೊಬ್ಬರ ಲೆಕ್ಕಕ್ಕೆ ತಾಳೆಯಾಗದಿರಲು ಇದೇ ದೊಡ್ಡ ಕಾರಣ. ಅಂದಹಾಗೆ, ಮಕ್ಕಳ ಕಾರ್ಯಕ್ರಮದ ವಿಭಾಗದಲ್ಲಿ ಅಮೆರಿಕದ ಟಿವಿ ಲೋಕದ ಎಮ್ಮಿ ಪ್ರಶಸ್ತಿ ಗೆದ್ದ ಮೊದಲ ಕಾರ್ಟೂನ್ ಸರಣಿ ಇದೇ.

ಇನ್ನು ಕಂತಿನ ಒಳಗಿನ ಗುಣ. ಕನ್ನಡದಲ್ಲಿ ನಾವು ಎಲ್ಲದಕ್ಕೂ ಧಾರಾವಾಹಿ ಎಂದುಬಿಡುತ್ತೇವೆ. ಆದರೆ ಧಾರೆಯಾಗಿ ಹರಿಯುವುದು ಬೇರೆ, ಸಾಲಾಗಿ ನಿಲ್ಲುವುದು ಬೇರೆ. ಮೊದಲನೆಯದು ಧಾರಾವಾಹಿ, ಎರಡನೆಯದು ಸರಣಿ. ಧಾರಾವಾಹಿಯ ಕಂತು ನಿನ್ನೆಯದನ್ನು ಹೊತ್ತು ಬರುತ್ತದೆ. ಸರಣಿಯ ಕಂತಿಗೆ ನಿನ್ನೆ ಎಂಬುದೇ ಇಲ್ಲ. ಚಂದಮಾಮ ಓದಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ತಿಂಗಳು ತಿಂಗಳೂ ತ್ರಿವಿಕ್ರಮ ಮರದಿಂದ ಶವ ಇಳಿಸುತ್ತಿದ್ದ, ಬೇತಾಳ ಕಥೆ ಹೇಳಿ ಪ್ರಶ್ನೆ ಕೇಳುತ್ತಿತ್ತು, ರಾಜ ಮೌನ ಮುರಿದೊಡನೆ ಮತ್ತೆ ಮರ ಸೇರುತ್ತಿತ್ತು. ನಡುವಿನ ಕಥೆ ಮಾತ್ರ ಹೊಸದು. ಯಾವ ತಿಂಗಳ ಸಂಚಿಕೆ ತಪ್ಪಿದರೂ ತ್ರಿವಿಕ್ರಮನಿಗೇನೂ ನಷ್ಟವಿರಲಿಲ್ಲ, ಓದುವವರಿಗೂ ಇರಲಿಲ್ಲ.

1969ರ ಸೆಪ್ಟೆಂಬರ್ 13ರಂದು ಸಿಬಿಎಸ್‌ನಲ್ಲಿ ಶುರುವಾದ ಸ್ಕೂಬಿ ಡೂ ಪೂರಾ ಈ ಬೇತಾಳನ ಜಾತಿ. ಮೊದಲ ಕಂತನ್ನೇ ನೋಡಿ. ಬೆಳದಿಂಗಳ ರಾತ್ರಿ, ನಿರ್ಜನ ರಸ್ತೆ, ಹೋಗುತ್ತಿರುವ ಒಂದು ಗಾಡಿ, ಹಿಂದೆ ಒಂದು ಪೆಟ್ಟಿಗೆ. ಪೆಟ್ಟಿಗೆಯೊಳಗಿನ ಕರಿ ಕವಚದ ಯೋಧ ಎದ್ದು ಕೂರುತ್ತಾನೆ. ಸಿನಿಮಾ ನೋಡಿ ವಾಪಸಾಗುತ್ತಿದ್ದ ಶಾಗಿ ಎಂಬ ಹುಡುಗ ಮತ್ತು ಅವನ ನಾಯಿ ಸ್ಕೂಬಿಗೆ ಸಿಗುವುದು ಚಾಲಕನಿಲ್ಲದ ಗಾಡಿ ಮತ್ತು ಬರೀ ಕವಚ. ಗಾಡಿ ತರುತ್ತಿದ್ದ ಪ್ರೊಫೆಸರ್ ನಾಪತ್ತೆ. ಕವಚವನ್ನು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸುತ್ತಾರೆ, ಒಂದು ವಿಚಿತ್ರ ಕನ್ನಡಕದ ಸುಳಿವು ಹಿಡಿದು ರಾತ್ರಿ ಒಳಗೆ ನುಗ್ಗುತ್ತಾರೆ, ಕರಿ ಯೋಧ ಅಟ್ಟಿಸಿಕೊಂಡು ಬರುತ್ತಾನೆ. ಕೊನೆಗೆ ಶಿರಸ್ತ್ರಾಣ ತೆಗೆದರೆ ಒಳಗಿರುವುದು ಸಂಗ್ರಹಾಲಯದ ಉಸ್ತುವಾರಿಯೇ. ಅಸಲಿ ಚಿತ್ರಗಳನ್ನು ಕದ್ದು ಆ ಜಾಗದಲ್ಲಿ ನಕಲಿ ತೂಗುಹಾಕುತ್ತಿದ್ದವನು.

ಮುಂದಿನ ವಾರ ಬೇರೆ ಊರು, ಬೇರೆ ದೆವ್ವ. ಆದರೆ ಶಾಗಿ ಅಷ್ಟೇ ಪುಕ್ಕಲ, ಅಷ್ಟೇ ಹೊಟ್ಟೆಬಾಕ. ದೆವ್ವ ಎಂದರೆ ಮುಖವಾಡ ತೊಟ್ಟ ಮನುಷ್ಯ ಎಂದು ಕಳೆದ ವಾರವಷ್ಟೇ ಕಂಡಿದ್ದರೂ ಈ ವಾರ ಮತ್ತೆ ನಡುಗುತ್ತಾನೆ. ದೊಡ್ಡವರಿಗೆ ಇದು ಪೆದ್ದುತನ ಅನ್ನಿಸಬಹುದು. ಮಕ್ಕಳಿಗೆ ಹಾಗನ್ನಿಸುವುದಿಲ್ಲ. ದೆವ್ವ ಬರುತ್ತದೆ ಎಂಬ ಭಯವೂ ಮುಖವಾಡ ಕಳಚುತ್ತದೆ ಎಂಬ ಭರವಸೆಯೂ ಒಂದೇ ಪೊಟ್ಟಣದಲ್ಲಿ ಸಿಗುತ್ತವೆ. ನನ್ನ ಅಕ್ಕನ ಮಗ ಏಳು ವರ್ಷದವನು. ಮೊಬೈಲಿನಲ್ಲಿ ಸ್ಕೂಬಿ ಹಾಕಿಕೊಟ್ಟರೆ ಮೊದಲು ಬೆರಳಿನಿಂದ ಕೊನೆಯ ಮೂರು ನಿಮಿಷಕ್ಕೆ ಎಳೆದು "ಮಾಮಾ, ಒಳಗಡೆ ಯಾರಿದ್ದಾರೆ ನೋಡ್ಬಿಡ್ತೀನಿ" ಅನ್ನುತ್ತಾನೆ. ಆಮೇಲೆ ಹಿಂದಕ್ಕೆ ಎಳೆದು ಮೊದಲಿನಿಂದ ನೋಡುತ್ತಾನೆ, ಹೆದರುತ್ತಲೂ ಇರುತ್ತಾನೆ.

ಈ ಸ್ಕೂಬಿ ಡೂ ಎಷ್ಟು ಕಂತು ಇರಬಹುದು ಅಂತ ಊಹಿಸಿ. ನಾನು ಇನ್ನೂರು ಇರಬೇಕು ಅಂದುಕೊಂಡಿದ್ದೆ. ಮೂಲ ಸರಣಿ ಬರೀ 25. 1969ರಲ್ಲಿ ಶುರುವಾದ ಸೀಸನ್ನಿಗೆ 17, ಮರುವರ್ಷ 8. 1978ರಲ್ಲಿ ಅದೇ ಹೆಸರಿನಡಿ ಇನ್ನಷ್ಟು ಬಂದವು, ಅವನ್ನು ಕೂಡಿಸಬೇಕೋ ಬೇಡವೋ ಎಂಬುದೇ ಅಭಿಮಾನಿಗಳ ಜಗಳ. 1962ರ ದಿ ಜೆಟ್ಸನ್ಸ್ ಇನ್ನೂ ಸೋಜಿಗ: ಒಂದೇ ಸೀಸನ್, 24 ಕಂತು. ಅಷ್ಟನ್ನೇ ಇಪ್ಪತ್ತು ವರ್ಷಕ್ಕೂ ಮಿಕ್ಕಿ ತಿರುಗಿಸಿ ತಿರುಗಿಸಿ ತೋರಿಸಿದರು. ಹೊಸ ಕಂತು ಬಂದದ್ದು 1985ರಲ್ಲಿ. ಮಕ್ಕಳ ಕಾರ್ಟೂನಿನಲ್ಲಿ ಇದು ನಡೆಯುತ್ತದೆ. ನೋಡುವವರು ನಾಲ್ಕೈದು ವರ್ಷಕ್ಕೆ ದೊಡ್ಡವರಾಗಿ ಎದ್ದುಹೋಗುತ್ತಾರೆ, ಅದೇ ಜಾಗಕ್ಕೆ ಹೊಸ ಮಕ್ಕಳು ಬಂದು ಕೂರುತ್ತಾರೆ. ಅವರಿಗೆ ಎಲ್ಲವೂ ಹೊಸತೇ. ಇದ್ದ ಮಕ್ಕಳಿಗೂ ಬೇಸರವಿಲ್ಲ, ಕಂಡದ್ದನ್ನೇ ಇನ್ನೊಮ್ಮೆ ಕಾಣುವುದು ಅವರಿಗಿಷ್ಟ.

ಹೀಗೆ ಕಲಸಿ ತೋರಿಸಬೇಕಾದರೆ ಒಂದೇ ಷರತ್ತು: ಯಾವ ಕಂತಿನಲ್ಲೂ ಏನೂ ಶಾಶ್ವತವಾಗಿ ಬದಲಾಗಬಾರದು. ಈ ಷರತ್ತು ಮುರಿದರೆ ಏನಾಗುತ್ತದೆ ಎಂಬುದಕ್ಕೆ ದಿ ಫ್ಲಿಂಟ್‌ಸ್ಟೋನ್ಸ್ ಇದೆ. 1960ರಿಂದ 1966ರವರೆಗೆ ಎಬಿಸಿಯಲ್ಲಿ 166 ಕಂತು ಬಂದ ಶಿಲಾಯುಗದ ಸಂಸಾರ ಅದು. ಆಗ ಅದು ರಾತ್ರಿ ಮನೆಮಂದಿಯೆಲ್ಲ ಕೂತು ನೋಡುವ ಕಾರ್ಯಕ್ರಮ, ಮೊದಮೊದಲು ಪ್ರಾಯೋಜಕರಲ್ಲಿ ಸಿಗರೇಟು ಕಂಪನಿಯೂ ಇತ್ತು! ಮಕ್ಕಳ ಪಾಲಿಗೆ ಪೂರ್ತಿ ಬಿದ್ದದ್ದು ಆಮೇಲೆ. 1963ರ ಫೆಬ್ರವರಿಯಲ್ಲಿ ಫ್ರೆಡ್ ಮತ್ತು ವಿಲ್ಮಾ ದಂಪತಿಗೆ ಪೆಬಲ್ಸ್ ಎಂಬ ಹೆಣ್ಣುಮಗು ಹುಟ್ಟಿತು. ಕಾರ್ಟೂನ್ ಲೋಕದಲ್ಲಿ ಅಪರೂಪಕ್ಕೆ ನಡೆದ ಅಳಿಸಲಾಗದ ಘಟನೆ. ಸಾಲು ತಪ್ಪಿಸಿ ಮರುಪ್ರಸಾರ ಮಾಡಿದಾಗ ಸೋಮವಾರ ಮಗು ಅಂಬೆಗಾಲಿಡುತ್ತಿತ್ತು, ಮಂಗಳವಾರ ಮಗುವೇ ಇಲ್ಲ, ಅಪ್ಪ ಅಮ್ಮನಿಗೆ ಅದರ ಚಿಂತೆಯೂ ಇಲ್ಲ. ಈ ಸರಣಿಯಲ್ಲಿ ಮೊದಲು ತಯಾರಾದ ಕಂತೇ ಮೊದಲು ಪ್ರಸಾರವಾಗಲಿಲ್ಲ ಕೂಡ. ಈಜುಕೊಳದ ಜಗಳದ ಕಥೆಯನ್ನು ಮೊದಲು ಮಾಡಿ, ಮೂರನೆಯದಾಗಿ ತೋರಿಸಿದರು. ತಯಾರಿಯ ಕ್ರಮ, ಪ್ರಸಾರದ ಕ್ರಮ ಎಂದು ಕಂತಿಗೆ ಎರಡೆರಡು ಅಂಕಿ ಬೀಳುವುದು ಇಂತಹ ಕಡೆ.

ಎಂಬತ್ತರ ದಶಕದ ಮತ್ತು ತೊಂಬತ್ತರ ಆರಂಭದ ಅಮೆರಿಕನ್ ಕಾರ್ಟೂನುಗಳಲ್ಲಿ 65 ಎಂಬ ಸಂಖ್ಯೆ ಮತ್ತೆ ಮತ್ತೆ ಎದುರಾಗುತ್ತದೆ. ಹೀ-ಮ್ಯಾನ್ 1983ರಲ್ಲಿ 65, ಆಮೇಲೆ ಇನ್ನೊಂದು 65. 1990ರ ಡಿಸ್ನಿಯ ಟೇಲ್‌ಸ್ಪಿನ್ 65. ಡಕ್‌ಟೇಲ್ಸ್ ಕೂಡ 1987ರಲ್ಲಿ 65 ಕಂತಿನಿಂದಲೇ ಶುರುವಾಗಿ ಕೊನೆಗೆ 100 ಮುಟ್ಟಿತು. ಇದರಲ್ಲಿ ಜ್ಯೋತಿಷ್ಯವೇನೂ ಇಲ್ಲ. ಶಾಲೆ ಬಿಟ್ಟು ಬರುವ ಹೊತ್ತಿಗೆ ವಾರಕ್ಕೆ ಐದು ದಿನ, ವರ್ಷದ ಕಾಲುಭಾಗ ಅಂದರೆ 13 ವಾರ. ಐದು ಹದಿಮೂರಲಿ ಅರವತ್ತೈದು. ಅಷ್ಟಿದ್ದರೆ ವರ್ಷಕ್ಕೆ ನಾಲ್ಕು ಸುತ್ತು ತಿರುಗಿಸಬಹುದು. ಊರೂರಿನ ಟಿವಿ ಕೇಂದ್ರಗಳಿಗೆ ಒಟ್ಟಾಗಿ ಮಾರಲೂ ಸಲೀಸು.

ಜಪಾನಿನಲ್ಲೂ 13 ವಾರದ್ದೇ ಲೆಕ್ಕ, ಆದರೆ ವಾರಕ್ಕೊಂದೇ ಕಂತು. ವರ್ಷಪೂರ್ತಿ ಓಡಿದರೆ ನಾಲ್ಕು ಹದಿಮೂರಲಿ 52. ನಿಪ್ಪಾನ್ ಆನಿಮೇಷನ್‌ನವರು 1989ರಲ್ಲಿ ಶುರುಮಾಡಿದ ಮೋಗ್ಲಿ ಸರಣಿ ಸರಿಯಾಗಿ 52 ಕಂತು. ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಗುಲ್ಜಾರರ ಹಿಂದಿ ಶೀರ್ಷಿಕೆಗೀತೆಯೊಂದಿಗೆ ಬರುತ್ತಿದ್ದದ್ದು ಇದೇ. ಹುಲಿ ಶೇರ್ ಖಾನನಿಗೆ ನಟ ನಾನಾ ಪಾಟೇಕರರ ಧ್ವನಿ. ಹಿಂದಿ ಅರ್ಧಂಬರ್ಧ ತಿಳಿಯುತ್ತಿದ್ದ ನಮ್ಮ ಕಡೆಯ ಮಕ್ಕಳಿಗೂ ಕಥೆ ತಿಳಿಯುತ್ತಿತ್ತು. ಯಾಕೆಂದರೆ ಅದು ಮುಂದುವರಿಯುವ ಕಥೆ. ಮೋಗ್ಲಿ ಬೆಳೆಯುತ್ತಿದ್ದ, ತೋಳಗಳ ಬಳಗದಲ್ಲಿ ಜಗಳಗಳಾಗುತ್ತಿದ್ದವು, ಹುಲಿಯ ದ್ವೇಷ ವಾರದಿಂದ ವಾರಕ್ಕೆ ದಾಟಿ ಬರುತ್ತಿತ್ತು.

ಆಗಲೇ ನಮ್ಮ ಬೀದಿಯ ಮಕ್ಕಳಿಗೆ ಸರಣಿ ಮತ್ತು ಧಾರಾವಾಹಿಯ ವ್ಯತ್ಯಾಸ ಚೆನ್ನಾಗಿ ತಿಳಿದದ್ದು, ಕಲಿಸಿದ್ದು ಕರೆಂಟು. ಡಕ್‌ಟೇಲ್ಸ್ ಬರುವಾಗ ಕರೆಂಟು ಹೋದರೆ "ಛೆ" ಅಂದು ಗೋಲಿ ಆಡಲು ಹೋಗುತ್ತಿದ್ದೆವು. ಬಾತುಕೋಳಿ ಸ್ಕ್ರೂಜ್ ಮಾಮನ ದುಡ್ಡಿನ ಗುಡ್ಡ ಮುಂದಿನ ವಾರವೂ ಅಲ್ಲೇ ಇರುತ್ತದೆ. ಮೋಗ್ಲಿಯ ಹೊತ್ತಿಗೆ ಹೋದರೆ ಹಾಗಲ್ಲ. ಸೋಮವಾರ ಶಾಲೆಯಲ್ಲಿ ಪಕ್ಕದ ಬಡಾವಣೆಯಿಂದ ಬರುವ ಹುಡುಗನನ್ನು ಹಿಡಿದು, ಅವನ ಬ್ಯಾಗು ಹೊತ್ತುಕೊಂಡು ನಡೆದು, ನಡುವೆ ಏನಾಯಿತು ಎಂದು ಹೇಳಿಸಿಕೊಳ್ಳಬೇಕಿತ್ತು. ಅವನು ಅರ್ಧ ತನ್ನದೇ ಸೇರಿಸಿ ಹೇಳುತ್ತಿದ್ದ. ಮೋಗ್ಲಿಯ ಗೆಳೆಯ ಕರಡಿ ಭಾಲು ಮರದಿಂದ ಬಿದ್ದು ಸತ್ತೇ ಹೋದ ಎಂದು ಒಂದು ವಾರ ನಮ್ಮನ್ನು ಅಳಿಸಿಟ್ಟಿದ್ದ.